ಕಟ್ಟಡ ಕೆಡವುವ ಮೊದಲು ಮೀಟರ್ ಹಿಡಿದಿದ್ದರೆ...

ಹಳೇ ಆಸ್ಪತ್ರೆ ಕೆಡವುತ್ತಾರಂತೆ ಎಂಬ ಸುದ್ದಿ ಹಿಡಿದು ನಾವು ಹೋಗುವಷ್ಟರಲ್ಲಿ ಗುಜರಿಯವರು ಅಲ್ಲಿ ಹಾಜರಿರುತ್ತಾರೆ. ಕಬ್ಬಿಣ, ತಾಮ್ರ, ಸೀಸ ಎಲ್ಲಕ್ಕೂ ಬೆಲೆಯಿದೆ, ಅದು ಅವರ ಹೊಟ್ಟೆಪಾಡು. ಬ್ರೆಜಿಲ್ ದೇಶದ ಗೊಯಾನಿಯಾ ನಗರದಲ್ಲೂ ಆದದ್ದು ಇಷ್ಟೇ.

ಅಲ್ಲಿ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ ಖಾಸಗಿ ಸಂಸ್ಥೆಯೊಂದು 1985ರ ಕೊನೆಗೆ ಬೇರೆ ಕಟ್ಟಡಕ್ಕೆ ಹೋಯಿತು. ಸೀಸಿಯಂ-137 ತುಂಬಿದ್ದ ಯಂತ್ರವನ್ನು ಹಳೇ ಕಟ್ಟಡದಲ್ಲೇ ಬಿಟ್ಟಿತು. ಪರವಾನಗಿ ಕೊಟ್ಟವರಿಗೆ ತಿಳಿಸಲಿಲ್ಲ. ಆಮೇಲೆ ಆ ಕಟ್ಟಡದ ಒಂದು ಭಾಗವನ್ನು ಕೆಡವಿದರು. ಯಂತ್ರ ಮಾತ್ರ ಹಾಗೇ ಉಳಿಯಿತು.

1987ರ ಸೆಪ್ಟೆಂಬರ್ 13ರಂದು ಇಬ್ಬರು ಒಳಹೊಕ್ಕು ಯಂತ್ರದ ತಲೆಭಾಗವನ್ನು ಕಿತ್ತು ಮನೆಗೆ ಒಯ್ದರು. ಬಿಚ್ಚುವಾಗ ಒಳಗಿನ ಡಬ್ಬಿ ತೂತಾಯಿತು. ಐದು ದಿನದ ನಂತರ ಗುಜರಿ ಅಂಗಡಿಗೆ ಮಾರಿದರು. ರಾತ್ರಿ ಅದರಿಂದ ನೀಲಿ ಬೆಳಕು! ಅಂಗಡಿಯವನು ನೆಂಟರಿಷ್ಟರನ್ನು ಕರೆದು ತೋರಿಸಿದ, ಚೂರುಗಳನ್ನು ಹಂಚಿದ. ಆರು ವರ್ಷದ ಹುಡುಗಿಯೊಬ್ಬಳು ಪುಡಿ ಮೆತ್ತಿದ ಕೈಯಲ್ಲೇ ಊಟ ಮಾಡಿದಳು.

ಮನೆಮಂದಿಗೆಲ್ಲ ವಾಂತಿ, ಭೇದಿ ಶುರುವಾಯಿತು. ಅನುಮಾನ ಬಂದದ್ದು ಅಂಗಡಿಯವನ ಹೆಂಡತಿಗೆ. ಸೆಪ್ಟೆಂಬರ್ 28ರಂದು ಆಕೆ ಉಳಿದ ಭಾಗವನ್ನು ಚೀಲಕ್ಕೆ ಹಾಕಿಸಿ, ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ಒಯ್ದಳು. ಮರುದಿನ ಭೌತವಿಜ್ಞಾನಿಯೊಬ್ಬರು ಮೀಟರ್ ತಂದರು. ಮುಳ್ಳು ಒಮ್ಮೆಗೇ ಕೊನೆಗೆ ಹೋಗಿ ನಿಂತಿತು. ಮೀಟರ್ ಕೆಟ್ಟಿದೆ ಎಂದುಕೊಂಡು ಅವರು ಇನ್ನೊಂದನ್ನು ತಂದರು. ಅದೂ ಅದನ್ನೇ ಹೇಳಿತು. ಅಷ್ಟರಲ್ಲಿ ಅಗ್ನಿಶಾಮಕದವರು ಆ ವಸ್ತುವನ್ನು ನದಿಗೆ ಎಸೆಯಲು ಹೊರಟಿದ್ದರು. ಅವರೇ ತಡೆದರು.

ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಟೇಡಿಯಂನಲ್ಲಿ ತಪಾಸಣೆ ಮಾಡಿದರು. 249 ಜನರಲ್ಲಿ ಸೀಸಿಯಂ ಸಿಕ್ಕಿತು. ಆ ಹುಡುಗಿ, ಅಂಗಡಿಯವನ ಹೆಂಡತಿ, ಅಂಗಡಿಯ ಇಬ್ಬರು ಕೆಲಸಗಾರರು, ಒಟ್ಟು ನಾಲ್ವರು ತೀರಿಕೊಂಡರು. ಏಳು ಮನೆಗಳನ್ನು ನೆಲಸಮ ಮಾಡಬೇಕಾಯಿತು.

ದೂರದ ಊರಿನ ಕಥೆ ಎನ್ನಬೇಡಿ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಯಂತ್ರ ಹರಾಜಾಗಿ ಮಾಯಾಪುರಿ ಗುಜರಿ ಮಾರುಕಟ್ಟೆ ಸೇರಿತು. ಅಲ್ಲಿ ಅದನ್ನು ಒಡೆದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು.

ಎಕ್ಸ್‌ರೇ ಯಂತ್ರಕ್ಕೆ ಕರೆಂಟ್ ತೆಗೆದರೆ ಕಿರಣ ನಿಲ್ಲುತ್ತದೆ. ಸೀಸಿಯಂ, ಕೋಬಾಲ್ಟ್‌ಗೆ ಸ್ವಿಚ್ಚೇ ಇಲ್ಲ. ಸೀಸಿಯಂನ ಶಕ್ತಿ ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ವಾಸನೆಯಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಪತ್ತೆಗೆ ಮೀಟರೇ ಬೇಕು. ಎರಡು ಕಡೆಯೂ ಮೀಟರ್ ಬಂದದ್ದು ಜನ ಹಾಸಿಗೆ ಹಿಡಿದ ಮೇಲೆ.

ನಮ್ಮ ದೇಶದಲ್ಲಿ ಇಂಥ ಯಂತ್ರಗಳ ಲೆಕ್ಕ ಇಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಹಳೇ ಆಸ್ಪತ್ರೆ, ಪ್ರಯೋಗಾಲಯ, ಕಾರ್ಖಾನೆ ಕೆಡವುವಾಗ ಮಾಲೀಕರನ್ನು, ಗುತ್ತಿಗೆದಾರರನ್ನು ಕೇಳಿ: ಒಳಗೆ ಏನಿತ್ತು? ಎಲ್ಲಿಗೆ ಹೋಯಿತು? ಕಾಗದ ಎಲ್ಲಿ? ಫ್ಯಾನಿನ ಮೂರು ರೆಕ್ಕೆಯಂಥ ಗುರುತು ಕಂಡರೆ, ಅಥವಾ ಗಾತ್ರಕ್ಕೆ ಮೀರಿ ಭಾರವಿರುವ ಸೀಸದ ಡಬ್ಬಿ ಸಿಕ್ಕರೆ ಬಿಚ್ಚಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ.

ನಿಮ್ಮೂರಿನ ಗುಜರಿ ಅಂಗಡಿಯವರಿಗೂ ಇದನ್ನು ಓದಿ ಹೇಳಿ. ಮೊದಲು ಕೈ ಹಾಕುವವರು ಅವರೇ.