ಕೆಸರಿಗೆ ಬಿಗಿದ ಸ್ಕ್ರೂ

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದು ಭಾರದ ಫೋಟೋ ನೇತುಹಾಕಿದವರಿಗೆ ಇದು ಗೊತ್ತಿರುತ್ತೆ. ಮೊಳೆ ನಾಲ್ಕು ದಿನ ಇದ್ದು ಸಡಿಲವಾಗಿ ಕೈಗೇ ಬರುತ್ತೆ. ಸ್ಕ್ರೂ ಹಾಗೆ ಬರಲ್ಲ. ಬಲವಂತವಾಗಿ ಎಳೆದರೆ ಗೋಡೆಯ ಒಂದಿಷ್ಟನ್ನು ಕಿತ್ತುಕೊಂಡೇ ಬರುತ್ತೆ. ಈ ಸಣ್ಣ ವ್ಯತ್ಯಾಸವನ್ನು ಸಮುದ್ರದ ತಳಕ್ಕೆ ಒಯ್ದವರಲ್ಲಿ ಮೊದಲಿಗ ಅಲೆಕ್ಸಾಂಡರ್ ಮಿಚೆಲ್. 1780ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಬೆಲ್‌ಫಾಸ್ಟ್‌ನಲ್ಲಿ ಇಟ್ಟಿಗೆ ವ್ಯಾಪಾರ ಮಾಡಿಕೊಂಡಿದ್ದವನು. ಇಪ್ಪತ್ತರ ಹರೆಯದಲ್ಲೇ ಆತನ ದೃಷ್ಟಿ ಪೂರ್ತಿ ಹೋಗಿತ್ತು.

ಆ ಕಾಲದ ಸಮಸ್ಯೆ ಏನು ಅಂತ ನೋಡಿ. ಲಂಡನ್ನಿಗೆ ಹೋಗುವ ಹಡಗುಗಳು ಥೇಮ್ಸ್ ನದಿಯ ಅಳಿವೆಯನ್ನು ದಾಟಬೇಕು. ಅಲ್ಲಿ ನೀರಿನಡಿ ಮೈಲಿಗಟ್ಟಲೆ ಮರಳು ದಿಬ್ಬಗಳು. ದೀಪಸ್ತಂಭ ಕಟ್ಟೋಣವೆಂದರೆ ಕಲ್ಲಿನ ಗೋಪುರ ಮರಳಿನಲ್ಲಿ ನಿಲ್ಲಲ್ಲ. ಅಂಥ ಕಡೆ ದೀಪ ಹೊತ್ತ ಹಡಗನ್ನೇ ಲಂಗರು ಹಾಕಿ ನಿಲ್ಲಿಸುತ್ತಿದ್ದರು. ಮಾಮೂಲಿ ಲಂಗರು ತಳದ ಮೇಲ್ಮಣ್ಣನ್ನಷ್ಟೇ ಕಚ್ಚಿಕೊಂಡಿರುತ್ತೆ. ದೊಡ್ಡ ಬಿರುಗಾಳಿಗೆ ಅದು ಜಾರಿದರೆ ದಾರಿ ತೋರಿಸಬೇಕಾದ ದೀಪವೇ ದಾರಿ ತಪ್ಪುತ್ತೆ. ದೀಪ ನಂಬಿ ಬಂದ ನಾವಿಕರ ಗತಿ?

1833ರಲ್ಲಿ ಮಿಚೆಲ್ ಪೇಟೆಂಟ್ ಪಡೆದ ಸಾಧನ ತೀರಾ ಸರಳ. ಉದ್ದನೆಯ ಕಬ್ಬಿಣದ ಕಂಬ, ಅದರ ತುದಿಗೆ ಅಗಲವಾದ ಸ್ಕ್ರೂ ಅಲಗು. ತಿರುಗಿಸಿದರೆ ಅದು ಮಣ್ಣನ್ನು ಹೆಚ್ಚು ಕೆದಕದೆ ಕೆಳಗಿಳಿಯುತ್ತೆ. ಇಳಿದ ಮೇಲೆ ಮೇಲಕ್ಕೆ ಎಳೆಯಿರಿ ನೋಡೋಣ! ಅಲಗಿನ ಮೇಲೆ ಕೂತಿರುವ ಅಷ್ಟೂ ಮಣ್ಣನ್ನು ಎತ್ತದೆ ಅದು ಬರಲ್ಲ. ಆಳ ಹೆಚ್ಚಿದಷ್ಟೂ ಎತ್ತಬೇಕಾದ ಮಣ್ಣು ಹೆಚ್ಚು. ಅಂದರೆ ಹಿಡಿತ ಬರೋದು ಕಬ್ಬಿಣದ ತೂಕದಿಂದಲ್ಲ, ಮಣ್ಣಿನಿಂದ. ಹಡಗು ಕಟ್ಟುವ ಲಂಗರಾಗಿಯೂ, ಭಾರ ಹೊರುವ ಕಾಲಾಗಿಯೂ ಇದು ಕೆಲಸಕ್ಕೆ ಬಂತು.

1838ರಲ್ಲಿ ಥೇಮ್ಸ್ ಅಳಿವೆಯ ಮ್ಯಾಪ್ಲಿನ್ ಮರಳಿನಲ್ಲಿ ಪರೀಕ್ಷೆ ಶುರುವಾಯ್ತು. ತೆಪ್ಪದ ಮೇಲೆ ತಿರುಗಣೆ, ಅದನ್ನು ಸುತ್ತು ಹಾಕುತ್ತಾ ತಳ್ಳುವ ಆಳುಗಳು. ಒಂಬತ್ತು ಕಂಬ, ಒಂದೊಂದರ ತುದಿಯಲ್ಲೂ 4 ಅಡಿ ಅಗಲದ ಅಲಗು. ಒಂಬತ್ತು ದಿನಗಳಲ್ಲಿ ಅವು 22 ಅಡಿ ಆಳಕ್ಕಿಳಿದವು. ಆದರೂ ಯಾರೂ ಅವಸರ ಮಾಡಲಿಲ್ಲ. ಕಂಬಗಳು ಅಲುಗುತ್ತವೋ ಇಲ್ಲವೋ ಅಂತ ಕಾದು ನೋಡಿ, ಆಮೇಲೆ ಮೇಲಿನ ಮನೆ ಕಟ್ಟಿದರು. 1841ರಲ್ಲಿ ದೀಪ ಹೊತ್ತಿತು. ಅಷ್ಟರಲ್ಲಿ ಫ್ಲೀಟ್‌ವುಡ್ ಬಂದರಿನ ಎದುರು ಮಿಚೆಲ್‌ನ ಇನ್ನೊಂದು ದೀಪಸ್ತಂಭ 1840ರಲ್ಲೇ ಬೆಳಗಿ ‘ಮೊದಲನೆಯದು’ ಅನ್ನಿಸಿಕೊಂಡಿತ್ತು. ಆತ ಕೆಲಸದ ಜಾಗಕ್ಕೆ ತಾನೇ ಹೋಗಿ, ಕೈಯಿಂದ ಮುಟ್ಟಿ ಮುಟ್ಟಿ ಪರೀಕ್ಷಿಸುತ್ತಿದ್ದ. ನೀರಿನಡಿಯ ಮಣ್ಣು ಕಣ್ಣಿದ್ದವರಿಗೂ ಕಾಣಲ್ಲ ಬಿಡಿ! ಮುಂದೆ ಈ ಸ್ಕ್ರೂ ಕಂಬಗಳು ಬಾಂಬೆ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಸೇತುವೆಗಳನ್ನೂ ಹೊತ್ತವು.

ಇವತ್ತು ಕಡಲಲ್ಲಿ ತೇಲುವ ತೈಲ ಸ್ಥಾವರ, ಗಾಳಿಯಂತ್ರಗಳನ್ನು ಹಿಡಿದಿಟ್ಟಿರುವುದೂ ಇದೇ ತತ್ವ. ರೂಪ ಮಾತ್ರ ಬೇರೆ. ಬೋರಲು ಹಾಕಿದ ಬಕೆಟ್ಟಿನಂಥ ಉಕ್ಕಿನ ಕೊಳವೆಯನ್ನು ತಳಕ್ಕಿಳಿಸಿ, ಒಳಗಿನ ನೀರನ್ನು ಪಂಪಿನಿಂದ ಹೀರಿದರೆ ಹೊರಗಿನ ನೀರಿನ ಒತ್ತಡವೇ ಅದನ್ನು ಮಣ್ಣಿಗೆ ಒತ್ತುತ್ತೆ. ಜೇಡಿಮಣ್ಣಿನಲ್ಲಿ ಅದನ್ನು ಥಟ್ಟನೆ ಎಳೆದರೆ ಕೆಳಗೆ ನೀರು ನುಗ್ಗಲು ಪುರುಸೊತ್ತಿರಲ್ಲ, ಮಣ್ಣು ಹೀರಿ ಹಿಡಿಯುತ್ತೆ. ಕೆಸರುಗದ್ದೆಯಲ್ಲಿ ಹೂತ ಕಾಲು ಕಿತ್ತವರಿಗೆ ಇದನ್ನು ವಿವರಿಸಬೇಕಿಲ್ಲ. 1981ರಲ್ಲಿ ಡೆನ್ಮಾರ್ಕಿನ ಗೋರ್ಮ್ ತೈಲಕ್ಷೇತ್ರದಲ್ಲಿ ಇಂಥ 12 ಲಂಗರುಗಳನ್ನು ಹಾಕಿದರು. 2017ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಶುರುವಾದ ಹೈವಿಂಡ್‌ನ ಐದು ತೇಲುವ ಗಾಳಿಯಂತ್ರಗಳಿಗೆ ತಲಾ ಮೂರು ಇವೆ.

ಹಾಗಂತ ಕಥೆ ಪೂರ್ತಿ ಸುಖಾಂತ್ಯ ಅಲ್ಲ. ಮ್ಯಾಪ್ಲಿನ್ ದೀಪಸ್ತಂಭ ತೊಂಬತ್ತು ವರ್ಷ ನಿಂತು, 1932ರಲ್ಲಿ ಕೊಚ್ಚಿಹೋಯಿತು. ನೀರಿನ ಸೆಳೆತ ಬುಡದ ಮರಳನ್ನೇ ಕೊರೆದುಹಾಕಿತ್ತು. ಹಿಡಿತ ಮಣ್ಣಿನದು ಅಂದಮೇಲೆ, ಮಣ್ಣು ಹೋದರೆ ಹಿಡಿತವೂ ಹೋಯ್ತು. ಅದಕ್ಕೇ ಈಗಲೂ ಲಂಗರು ಇಳಿಸೋ ಮೊದಲು ತಳದ ಮಣ್ಣನ್ನು ಕೊರೆದು ತೆಗೆದು ಪರೀಕ್ಷಿಸುತ್ತಾರೆ. ಕೊರೆತ ಜಾಸ್ತಿ ಇರುವ ಕಡೆ ಬುಡಕ್ಕೆ ಕಲ್ಲು ಸುರಿಯುತ್ತಾರೆ. ಯಂತ್ರಗಳು ಬದಲಾಗಿವೆ. ಮಿಚೆಲ್ ಮಾಡಿದಂತೆ ಮೊದಲು ಮಣ್ಣನ್ನು ಮುಟ್ಟಿ ನೋಡುವ ಕೆಲಸ ಮಾತ್ರ ಯಾರಿಗೂ ತಪ್ಪಿಲ್ಲ.