ಡಿಸ್ಚಾರ್ಜ್ ಇಲ್ಲದ ಆರೈಕೆ

ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬಂದು ಧರ್ಮಸ್ಥಳದ ಆಚೆಗೆ ಹೋದರೆ ನಿಡ್ಲೆ, ಪಟ್ರಮೆ, ಕೊಕ್ಕಡ ಎಂಬ ಊರುಗಳು ಸಿಗುತ್ತವೆ. ಬೆಳ್ತಂಗಡಿ ತಾಲ್ಲೂಕಿನ ಈ ಊರುಗಳನ್ನು ಹೊರಗಿನವರು ಗುರುತಿಸುವುದು ಎಂಡೋಸಲ್ಫಾನ್ ಹೆಸರಿನಿಂದ. 1978ರಲ್ಲಿ ಹುಟ್ಟಿದ ಕರ್ನಾಟಕ ಗೇರು ಅಭಿವೃದ್ಧಿ ನಿಗಮವು ಟೀ ಸೊಳ್ಳೆಯ ಕಾಟ ತಡೆಯಲು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸಿಂಪಡಿಸಿತು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ ಮಾಡಿದ್ದೂ ಇದನ್ನೇ. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರಿಂದ ಅಲ್ಲಿನ ಕತೆ ಲೋಕಕ್ಕೆ ಗೊತ್ತಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷವನ್ನು ತಡೆಯಿತು.

ವಿಷದ ಚರಿತ್ರೆಯನ್ನು ನಾವು ಒಂದಿಷ್ಟು ಬಲ್ಲೆವು. ಆಮೇಲಿನ ಆರೈಕೆಯ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಮಲಗಿದಲ್ಲೇ ಇರುವ ಮಗನಿಗೆ ಉಣಿಸಿ, ತೊಳೆದು, ಮಗ್ಗುಲು ಬದಲಿಸುವ ಕೆಲಸ ಹತ್ತು ದಿನಕ್ಕೆ ಮುಗಿಯುವುದಲ್ಲ; ನಲವತ್ತು ವರ್ಷ ನಡೆಯಬಹುದು.

ಭೋಪಾಲದ ದುರಂತದ ನಂತರ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅಪಾಯಕಾರಿ ವಸ್ತು ಬಳಸುವವರು ವಿಮೆ ಮಾಡಿಸಲೇಬೇಕು, ತಪ್ಪು ಯಾರದೆಂದು ಸಾಬೀತಾಗುವ ಮೊದಲೇ ಸಂತ್ರಸ್ತರಿಗೆ ನೆರವು ಸಿಗಬೇಕು ಎಂಬುದು ಅದರ ಆಶಯ. ಆಶಯ ದೊಡ್ಡದು, ಮೊತ್ತ ಸಣ್ಣದು. ಆಗ ನಿಗದಿಯಾದದ್ದು ಸಾವಿಗೆ 25,000 ರೂಪಾಯಿ, ಚಿಕಿತ್ಸೆಗೆ ಹೆಚ್ಚೆಂದರೆ 12,500. ಅರ್ಜಿ ಹಾಕಲು ಐದು ವರ್ಷದ ಗಡುವು. ಸರ್ಕಾರಿ ನಿಗಮಗಳು ತಮ್ಮದೇ ನಿಧಿ ಕಟ್ಟಿಕೊಂಡರೆ ವಿಮೆಯಿಂದ ವಿನಾಯಿತಿ ಪಡೆಯಲೂ ಅವಕಾಶವಿತ್ತು. ಕೊಕ್ಕಡದಲ್ಲಿ ಕಾಯಿಲೆಯನ್ನು ಸರ್ಕಾರ ಒಪ್ಪಿಕೊಳ್ಳುವ ಹೊತ್ತಿಗೆ ಸಿಂಪಡಣೆ ನಿಂತು ಸುಮಾರು ದಶಕವೇ ಕಳೆದಿತ್ತು. ನಿಧಾನವಾಗಿ ಏರುವ ವಿಷಕ್ಕೆ ಐದು ವರ್ಷದ ಗಡುವು ಹೊಂದುವುದಿಲ್ಲ.

ಇದೇ ಕಾಲದಲ್ಲಿ ಕರ್ನಾಟಕ ಆರೋಗ್ಯ ವಿಮೆಯ ಪ್ರಯೋಗಶಾಲೆಯಾಗಿತ್ತು. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಕೆಲಸ ಶುರುಮಾಡಿತು. ಕಂತು ಸದಸ್ಯರದು, ಜೊತೆಗೆ ಸರ್ಕಾರದ ಪಾಲು. 2004ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ವಿಮಾ ಕಂಪನಿಯ ಜೊತೆ ಸೇರಿ ‘ಸಂಪೂರ್ಣ ಸುರಕ್ಷಾ’ ತಂದಿತು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕೇಂದ್ರ ಮುಕ್ಕಾಲು ಪಾಲು, ರಾಜ್ಯ ಕಾಲು ಪಾಲು ಕಂತು ಕಟ್ಟಿದರೆ ಕಂಪನಿ ಕುಟುಂಬವೊಂದಕ್ಕೆ ವರ್ಷಕ್ಕೆ 30,000 ರೂಪಾಯಿಯವರೆಗೆ ಭರಿಸುತ್ತಿತ್ತು. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಈ ಮೊತ್ತ ಬಡ ಕುಟುಂಬಕ್ಕೆ ಐದು ಲಕ್ಷಕ್ಕೇರಿತು. ಇಲ್ಲಿ ಕಂಪನಿಯಿಲ್ಲ, ಸರ್ಕಾರದ ಟ್ರಸ್ಟೇ ಆಸ್ಪತ್ರೆಗೆ ಹಣ ಕೊಡುತ್ತದೆ.

ಇವು ಸಾವಿರಾರು ಮನೆಗಳನ್ನು ಸಾಲದಿಂದ ಉಳಿಸಿವೆ, ಅದನ್ನು ಮರೆಯಬಾರದು. ಆದರೆ ಹೆಚ್ಚುಕಡಿಮೆ ಎಲ್ಲದರ ತಳಹದಿ ಒಂದೇ: ಆಸ್ಪತ್ರೆಗೆ ಸೇರುವ ದಿನ ಮತ್ತು ಡಿಸ್ಚಾರ್ಜ್ ಆಗುವ ದಿನ. ಎರಡರ ನಡುವಿನ ಬಿಲ್ಲಿಗೆ ಮಾತ್ರ ಲೆಕ್ಕ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಇದಕ್ಕೆ ಅಪವಾದ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಅದು ಕೊಡುತ್ತದೆ. ಹೊರರೋಗಿ ಚಿಕಿತ್ಸೆ, ಥೆರಪಿಯೂ ಅದರಲ್ಲಿವೆ. ಆದರೂ ಅಡುಗೆಮನೆ ಮತ್ತು ಹಾಸಿಗೆಯ ನಡುವೆ ಓಡಾಡುವ ತಾಯಿಯ ದುಡಿಮೆ ಅಲ್ಲಿಯೂ ಲೆಕ್ಕಕ್ಕಿಲ್ಲ.

ಹೀಗೆ ವಿಮೆ ನಿಂತಲ್ಲಿಂದ ಮುಂದಿನದು ಸರ್ಕಾರದ ಪಾಲಿಗೆ ಬಂತು. ದಕ್ಷಿಣ ಕನ್ನಡದ ಸಂತ್ರಸ್ತರಿಗೆ ಅಂಗವೈಕಲ್ಯದ ಶೇಕಡಾವಾರು ನೋಡಿ 1,500 ಅಥವಾ 3,000 ರೂಪಾಯಿಯ ಮಾಸಾಶನ ನಿಗದಿಯಾಯಿತು. ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಮಹತ್ವದ್ದೆನಿಸುವುದು ಈ ಕೇಂದ್ರಗಳೇ. ಮಗುವನ್ನು ಹಗಲು ಹೊತ್ತು ಅಲ್ಲಿ ಬಿಟ್ಟ ತಾಯಿ ಬೀಡಿ ಕಟ್ಟಬಹುದು, ಕೂಲಿಗೆ ಹೋಗಬಹುದು, ಇಲ್ಲವೇ ಒಂದಿಷ್ಟು ಮಲಗಬಹುದು. ಬೇರಾವ ಯೋಜನೆಯೂ ಅವಳಿಗೆ ಸಮಯ ಕೊಟ್ಟಿರಲಿಲ್ಲ. ಆದರೆ ಹಗಲು ಕೇಂದ್ರ ಸಂಜೆಗೆ ಮುಚ್ಚುತ್ತದೆ.

ಕೇರಳದಲ್ಲಿ ‘ಆಶ್ವಾಸಕಿರಣಂ’ ಯೋಜನೆ ಆರೈಕೆ ಮಾಡುವವರಿಗೇ ತಿಂಗಳಿಗೆ 600 ರೂಪಾಯಿ ಇಟ್ಟಿತು. ಸಣ್ಣ ಮೊತ್ತವೇ, ಆದರೂ ಆರೈಕೆಯೂ ಒಂದು ದುಡಿಮೆ ಎಂದು ಒಪ್ಪಿದಂತಾಯಿತು. ಕಾಸರಗೋಡಿನ ಪ್ರಕರಣದಲ್ಲಿ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ಕೊಡಲು ಹೇಳಿತು: ಮೊದಲು ರಾಜ್ಯ ಕೊಡಲಿ, ಬೇಕಿದ್ದರೆ ಆಮೇಲೆ ಕಂಪನಿಗಳಿಂದ ವಸೂಲು ಮಾಡಲಿ. ಹೊಣೆ ಯಾರದೆಂಬ ಜಗಳ ಮುಗಿಯುವವರೆಗೆ ರೋಗಿ ಕಾಯಬಾರದು ಎಂಬ ಈ ತತ್ವ 1991ರ ಕಾಯ್ದೆಯದೇ. 2022ರಲ್ಲಿ ಅದೇ ಕೋರ್ಟು ವಿಳಂಬಕ್ಕಾಗಿ ರಾಜ್ಯವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಆರೈಕೆಗೆಂದೇ ಪ್ರತ್ಯೇಕ ವಿಮೆ ತಂದವು. ಜಪಾನಿನಲ್ಲಿ ಅರ್ಧ ಹಣ ತೆರಿಗೆಯಿಂದ, ಅರ್ಧ ನಲವತ್ತು ದಾಟಿದವರ ಕಂತಿನಿಂದ. ಆ ಲೆಕ್ಕ ಕೂಲಿಯವರೇ ತುಂಬಿರುವ ನಮ್ಮ ನಾಡಿಗೆ ಹಾಗೆಯೇ ಒಗ್ಗದು. ನಮ್ಮಲ್ಲೂ ಕಾನೂನಿನ ಮಾತಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೆಸರಿಸುತ್ತದೆ, ‘ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತಿನೊಂದಿಗೆ. ಮನೆಯವರಿಗೆ ಅಂಥ ಮಿತಿಯನ್ನು ಯಾವ ಕಾನೂನೂ ಕೊಟ್ಟಿಲ್ಲ.

ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು ವರ್ಷ. ಅವರನ್ನು ಎತ್ತಿ ಕೂರಿಸುವ ತಾಯಂದಿರಿಗೆ ಅರುವತ್ತು ದಾಟಿದೆ. ಆಸ್ಪತ್ರೆಯ ಬಿಲ್ಲು ಟ್ರಸ್ಟಿಗೆ, ಮಾಸಾಶನ ಖಜಾನೆಗೆ ಎಂದು ಹಂಚಿಕೊಂಡಾಗಿದೆ. ತಾಯಿಯ ನಂತರದ ದಿನಗಳು ಯಾರ ಪಾಲಿಗೂ ಬಂದಿಲ್ಲ. ಈ ಊರುಗಳಿಗೆ ಬೇಕಿರುವುದು ಸಂಜೆಗೆ ಮುಚ್ಚದ ಒಂದು ಮನೆ, ಅದರ ಖರ್ಚನ್ನು ಪ್ರತಿ ಬಜೆಟ್ಟಿನಲ್ಲಿ ಬೇಡದೆ ನಡೆಸುವ ಒಂದು ಶಾಶ್ವತ ನಿಧಿ.