ಉಗಾರ ಬುದ್ರುಕದ ನಾನಕಟಾಯಿ: ಎರಡು ಪೂರ್ವಪಕ್ಷಗಳ ಪರೀಕ್ಷೆ

ಕೃಷ್ಣಾತೀರದ ಉಗಾರ ಬುದ್ರುಕ, ಉಗಾರ ಖುರ್ದ, ಶೇಡಬಾಳ, ಕಾಗವಾಡದ ಮನೆಗಳಲ್ಲಿ ದೀಪಾವಳಿಯ ಫರಾಳಕ್ಕೆಂದು ಸಿದ್ಧವಾಗುವ ಚಕ್ಕುಲಿ, ಶಂಕರಪಾಳಿ, ಕರಚಿಕಾಯಿ, ಬೇಸನ್ ಉಂಡಿಗಳ ಪಂಕ್ತಿಯಲ್ಲಿ ನಾನಕಟಾಯಿಯೂ ಸಮಾನಸ್ಥಾನವನ್ನು ಪಡೆದಿರುವುದು ಸರ್ವವಿದಿತ. ಅದರ ವಂಶಾವಳಿಯ ವಿಷಯದಲ್ಲಿ ಮಾತ್ರ ವಿದ್ವಾಂಸರು ಎರಡು ಪಕ್ಷವಾಗಿದ್ದಾರೆ. ಒಂದು ಪಕ್ಷವು ಅದನ್ನು ಸೂರತ್ತಿನ ಡಚ್ಚರ ಒಲೆಯಿಂದ ಇಳಿಸುತ್ತದೆ. ಇನ್ನೊಂದು, ಸ್ವಾಭಿಮಾನದ ಆವೇಶದಿಂದ, ಜೈನಕವಿ ಮಂಗರಸನ ಪಾಕಕಾವ್ಯ ‘ಸೂಪಶಾಸ್ತ್ರ’ದಲ್ಲಿಯೇ ಅದರ ಬೀಜವನ್ನು ಕಾಣುತ್ತದೆ. ಈ ಎರಡೂ ಮತಗಳು ಒಂದೇ ದೋಷದಿಂದ ಹುಟ್ಟಿದವು. ತಿಂಡಿಯನ್ನು ಮಾಡುವ ಕೈಯನ್ನೂ ಬೇಯಿಸುವ ಬೆಂಕಿಯನ್ನೂ ನೋಡದೆ, ಹುಟ್ಟಿದೂರನ್ನು ಮಾತ್ರ ಹುಡುಕಿದುದರ ಫಲವೇ ಅವು.

ಸೂರತ್ತಿನ ಕಥೆ ಹೀಗಿದೆ. 16ನೆಯ ಶತಮಾನದ ಅಂತ್ಯದಲ್ಲಿ ಡಚ್ಚರು ಅಲ್ಲಿ ರೊಟ್ಟಿಯ ಒಲೆಯನ್ನು ಹೂಡಿದರು. ಮರಳುವಾಗ ಅದನ್ನು ಪಾರಸಿ ನೌಕರನಾದ ಫರಾಮ್‌ಜಿ ಪೆಸ್ತನ್‌ಜಿ ದೋತೀವಾಲಾನಿಗೆ ಒಪ್ಪಿಸಿದರು. ಮಾರಾಟವಾಗದೆ ಉಳಿದ ರೊಟ್ಟಿ ಒಣಗಿ ಗರಿಗರಿಯಾದಾಗ ಜನರು ಅದನ್ನೇ ಮೆಚ್ಚಿದರು. ಮೊಟ್ಟೆಯನ್ನೂ ಹಿಟ್ಟನ್ನು ಹುಳಿಯೇರಿಸುತ್ತಿದ್ದ ಶೇಂದಿಯನ್ನೂ ಬಿಟ್ಟಾಗ ಆ ಒಣರೊಟ್ಟಿಯಿಂದ ನಾನಕಟಾಯಿ ಉದಯಿಸಿತು. ಈ ಕಥೆಯನ್ನು ಒಬ್ಬರಿಂದೊಬ್ಬರು ಉದ್ಧರಿಸುತ್ತ ಬಂದ ಲೇಖಕರಲ್ಲಿ ಯಾರೊಬ್ಬರೂ ಕಾಲಗಣನೆಯ ಶ್ರಮವನ್ನು ಕೈಕೊಂಡಂತೆ ತೋರುವುದಿಲ್ಲ. ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿತವಾದುದೇ 1602ರಲ್ಲಿ. ಸೂರತ್ತಿನಲ್ಲಿ ಅವರ ಕೋಠಿ ನೆಲೆಗೊಂಡುದು 1616–17ರ ಹೊತ್ತಿಗೆ. ಕಂಪನಿಯೇ ಇಲ್ಲದ ಶತಮಾನದಲ್ಲಿ ಅದರ ಒಲೆ ಹೊತ್ತಿದ್ದಾದರೂ ಹೇಗೆ? ಅತ್ತ 1824ರ ಒಪ್ಪಂದದಂತೆ ಡಚ್ಚರು ತಮ್ಮ ಕೋಠಿಯನ್ನು ಆಂಗ್ಲರಿಗೆ ಬಿಟ್ಟುದು 1825ರಲ್ಲಿ. ದೋತೀವಾಲಾ ಅಂಗಡಿ ಹೇಳಿಕೊಳ್ಳುವ ಆರಂಭದ ವರ್ಷ 1861. ನಡುವಿನ 36 ವರ್ಷಗಳನ್ನು ಕಥೆಯು ಒಂದೇ ನೆಗೆತದಲ್ಲಿ ದಾಟುತ್ತದೆ. (ಅಂಗಡಿಯ ಪ್ರಾಚೀನತೆಯಲ್ಲಾಗಲಿ ಅದರ ಕೌಶಲದಲ್ಲಾಗಲಿ ನನಗೆ ಸಂದೇಹವಿಲ್ಲ, ಅಂಗಡಿಯ ಕಥೆಯನ್ನು ಇತಿಹಾಸವೆಂದು ಮುದ್ರಿಸುವವರ ಮೇಲೆಯೇ ನನ್ನ ಆಕ್ಷೇಪ.)

ಕಾಲದ ಗೊಂದಲವನ್ನು ಕ್ಷಮಿಸಿದರೂ, ಕಥೆಯ ಹೃದಯದಲ್ಲಿರುವ ಪ್ರಕ್ರಿಯೆಯನ್ನು ಕ್ಷಮಿಸಲಾಗದು. ಒಣಗಿದ ರೊಟ್ಟಿಯಿಂದ ಹುಟ್ಟಬಲ್ಲುದು ಟೋಸ್ಟು. ಎಷ್ಟು ಒಣಗಿಸಿದರೂ ರೊಟ್ಟಿ ನಾನಕಟಾಯಿಯಾಗದು. ರೊಟ್ಟಿಯ ಹಿಟ್ಟು ನೀರಿನಿಂದ ನಾದಿದ್ದು. ನೀರು ಬಿದ್ದೊಡನೆ ಗೋಧಿಯ ಅಂಟು ಎಳೆಗಟ್ಟಿ ಹುಳಿಯ ವಾಯುವನ್ನು ಹಿಡಿದಿಡುತ್ತದೆ. ನಾನಕಟಾಯಿಯ ಕ್ರಮ ಇದಕ್ಕೆ ನೇರ ವಿರುದ್ಧ. ಪರಾತದಲ್ಲಿ ತುಪ್ಪವನ್ನೋ ಡಾಲ್ಡಾವನ್ನೋ ಹಾಕಿ, ಅಂಗೈಯ ಬುಡದಿಂದ ಒಂದೇ ದಿಕ್ಕಿಗೆ ತಿಕ್ಕುತ್ತ, ಪಿಠಿಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಕೂಡಿಸಿ, ಅದು ಬೆಳ್ಳಗೆ ನೊರೆಗಟ್ಟಿ ಹಗುರಾದ ಮೇಲೆಯೇ ಮೈದಾ, ಒಂದಿಷ್ಟು ಕಡ್ಲಿಹಿಟ್ಟು, ಹಿಡಿ ರವೆ, ಚಿಟಿಕೆ ಸೋಡಾ, ಏಲಕ್ಕಿ, ತೇಯ್ದ ಜಾಜಿಕಾಯಿ ಬೀಳಬೇಕು. ಆಮೇಲೆ ನಾದಬಾರದು, ಕೂಡಿಸಿದರೆ ಸಾಕು. ಹನಿ ನೀರು ಬಿದ್ದರೂ ಕೆಟ್ಟಿತು. ಮೈಯ ಮೇಲಿನ ಬಿರುಕೇ ಅದರ ಸಿದ್ಧಿಯ ಗುರುತು. ಅಂಟನ್ನು ಕಟ್ಟುವುದು ಒಂದು ವಿದ್ಯೆ, ಅಂಟು ಕಟ್ಟದಂತೆ ತಡೆಯುವುದು ಮತ್ತೊಂದು. ಮೊದಲನೆಯದರ ಅಳಿದುಳಿದುದರಿಂದ ಎರಡನೆಯದು ಹುಟ್ಟಿತೆಂಬ ವಾದವನ್ನು ಪರಾತದ ಮುಂದೆ ಒಮ್ಮೆಯಾದರೂ ಕುಳಿತವರು ಮಾಡಲಾರರು.

ದೂರದ ಬಂಧುಗಳನ್ನು ಹುಡುಕಲೇಬೇಕೆಂದಿದ್ದರೆ, ಇರಾನಿನ ಪಾರಸಿಕರು ನವರೋಜ್ ಹಬ್ಬಕ್ಕೆ ಕಡಲೆಹಿಟ್ಟು, ಸಕ್ಕರೆಪುಡಿ, ಜಿಡ್ಡು, ಏಲಕ್ಕಿಗಳಿಂದ ಮಾಡುವ ‘ನಾನ್-ಎ-ನೊಖೊದ್ಚಿ’ ಎಂಬ ತಿಂಡಿ ಡಚ್ಚರ ಯಾವ ಬಿಸ್ಕೀಟಿಗಿಂತಲೂ ಹತ್ತಿರದ್ದು. ನಮ್ಮ ನಾನಕಟಾಯಿಯಲ್ಲಿ ಇಂದಿಗೂ ಉಳಿದಿರುವ ಆ ಒಂದಿಷ್ಟು ಕಡ್ಲಿಹಿಟ್ಟು ಯುರೋಪಿನತ್ತ ಬೆರಳು ತೋರಿಸುವುದಿಲ್ಲ. ಆದರೆ ಸಾದೃಶ್ಯವು ಸಂಬಂಧಕ್ಕೆ ಪ್ರಮಾಣವಲ್ಲವಾಗಿ, ಇದಕ್ಕಿಂತ ಮುಂದೆ ಹೋಗಲು ನಾನು ಒಲ್ಲೆ.

ಇನ್ನು ಸ್ವಾಭಿಮಾನಿಗಳ ಪಕ್ಷ. 16ನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನ ವಿಷಯದಲ್ಲಿ ಈ ಲೇಖಕನಿಗೆ ಪಕ್ಷಪಾತವಿರುವುದು ನಿಜ. ಅಡುಗೆಯನ್ನು ಷಟ್ಪದಿಯಲ್ಲಿ ಕಟ್ಟಿದ ಕವಿಯನ್ನು ನಮ್ಮ ಸಾಹಿತ್ಯಚರಿತ್ರಕಾರರು ಕುತೂಹಲದ ವಸ್ತುವೆಂಬಂತೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿರುವುದು ಅನ್ಯಾಯವೆಂದೇ ನನ್ನ ಮತ. ಅವನು ಹೇಳುವ ಮುಚ್ಚಳರೊಟ್ಟಿಯಲ್ಲಿ ಪಾತ್ರೆಯ ಕೆಳಗೂ ಮುಚ್ಚಿದ ಮುಚ್ಚಳದ ಮೇಲೂ ಕೆಂಡವಿಡುವ ವಿಧಾನವುಂಟು. ಸುತ್ತುವರಿದ ಒಣಶಾಖದ ಜ್ಞಾನವು ಪರಂಗಿಗಳ ಕೊಡುಗೆಯೆಂಬ ಮಾತನ್ನು ಖಂಡಿಸಲು ಈ ಒಂದು ಸಾಕ್ಷ್ಯವೇ ಸಾಕು. ಆದರೆ ಅದು ಸಿದ್ಧಪಡಿಸುವುದು ಬೆಂಕಿಯ ವಿನ್ಯಾಸವನ್ನು ಮಾತ್ರ. ಆ ಬೆಂಕಿಯಲ್ಲಿ ಬೆಂದುದು ರೊಟ್ಟಿ. ಮಂಗರಸನಿಗೆ ಅವನು ಗಳಿಸದ ಕೀರ್ತಿಯನ್ನು ಹೊರಿಸಿದರೆ, ಗಳಿಸಿದ ಕೀರ್ತಿಯೂ ಶಂಕಾಸ್ಪದವಾಗುತ್ತದೆಂಬುದನ್ನು ಅವನ ಅಭಿಮಾನಿಗಳು ಮರೆಯಬಾರದು. (ಸೋಡಾ ಇಲ್ಲದ ಕಾಲದಲ್ಲಿ ನಾನಕಟಾಯಿ ಅಸಾಧ್ಯವಾಗಿತ್ತೆಂದು ವಾದಿಸುವವರಿಗೂ ನನ್ನ ಬೆಂಬಲವಿಲ್ಲ, ಹಪ್ಪಳಕ್ಕೆ ಪಾಪಡಖಾರವನ್ನು ಬಳಸುತ್ತಿದ್ದ ನಾಡಿಗೆ ಕ್ಷಾರದ ಗುಣ ತಿಳಿಯದೆ ಇರಲಿಲ್ಲ.)

ಹಾಗಾದರೆ ಉಗಾರದ ನಾನಕಟಾಯಿಗೆ ನಿಜವಾಗಿ ಬೇಕಾದುದೇನು? ಬಿಳಿಯ ಸಕ್ಕರೆ, ಗಟ್ಟಿಯಾದ ಅಗ್ಗದ ಜಿಡ್ಡು, ಮತ್ತು ಭಟ್ಟಿ. ಕಬ್ಬಿನ ಸೀಮೆಯಾದರೂ ಇಲ್ಲಿ ಮನೆಯ ಸಿಹಿ ಬಹುಕಾಲ ಬೆಲ್ಲದ್ದೇ. ಜಲಾಂಶವುಳ್ಳ ಬೆಲ್ಲದಿಂದ ಆ ಬಿಳಿಯ ನೊರೆಯೂ ಆ ಪುಡಿಪುಡಿತನವೂ ಸುಲಭವಾಗಿ ಬಾರವು. 1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯಿದೆಯು ಜಾವಾ ಸಕ್ಕರೆಯ ಪ್ರಾಬಲ್ಯವನ್ನು ಮುರಿದ ಮೇಲೆ ದೇಶದಲ್ಲೆಲ್ಲ ಕಾರಖಾನೆಗಳು ಎದ್ದವು. ಪಕ್ಕದ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ ಸ್ಥಾಪಿತವಾದುದು 1939ರಲ್ಲಿ. ಡಾಲ್ಡಾ ಪೇಟೆಗೆ ಬಂದುದು 1937ರಲ್ಲಿ. ಈ ಸರಕುಗಳನ್ನು ತರಬಲ್ಲ ಮೀರಜ–ಬೆಳಗಾವಿ ರೈಲುಮಾರ್ಗ ಅದಕ್ಕೂ ಮೊದಲೇ ಇತ್ತು. ಸಕ್ಕರೆ, ಜಿಡ್ಡು, ರೈಲು ಈ ಮೂರನ್ನು ಒಟ್ಟಿಗಿಟ್ಟು ನೋಡಿದರೆ, ನಾನಕಟಾಯಿ ಇಲ್ಲಿ ಮನೆಮನೆಯ ಹಬ್ಬದ ತಿಂಡಿಯಾದುದು 1930ರ ದಶಕದ ಅಂತ್ಯಕ್ಕಿಂತ ಬಹಳ ಹಿಂದಿನದೆಂದು ಸಾಧಿಸುವುದು ಕಷ್ಟ.

ಉಳಿದುದು ಭಟ್ಟಿ, ಅತ್ಯಂತ ಉಪೇಕ್ಷಿತವಾದ ಸಾಕ್ಷ್ಯವೂ ಅದೇ. ಈ ಗಡಿಸೀಮೆಯಲ್ಲಿ ದೀಪಾವಳಿಯ ಮುನ್ನಾದಿನಗಳಲ್ಲಿ ಹೆಣ್ಣುಮಕ್ಕಳು ತಮ್ಮ ಮನೆಯ ಹಿಟ್ಟು, ಸಕ್ಕರೆ, ತುಪ್ಪಗಳನ್ನೇ ಡಬ್ಬಿಯಲ್ಲಿ ಹೊತ್ತು ಬೇಕರಿಗೆ ಹೋಗಿ, ಸರದಿ ಹಿಡಿದು, ತಗಡಿನ ಮೇಲೆ ಉಂಡೆಗಳನ್ನು ಸಾಲಾಗಿರಿಸಿ, ಬೇಯಿಸಿದ ಕೂಲಿಯನ್ನಷ್ಟೇ ಕೊಟ್ಟು ಬರುವ ವಾಡಿಕೆಯುಂಟು. ರೊಟ್ಟಿಗೆ ಬೇಕಾದ ಉಗ್ರಶಾಖವು ಇಳಿದ ಮೇಲೆ ಇಟ್ಟಿಗೆಯ ಕಮಾನಿನಲ್ಲಿ ಉಳಿಯುವ ಮಂದಶಾಖವೇ ಇದಕ್ಕೆ ಹಿತ. ಬೇಕರಿಯವನಿಗೆ ವ್ಯರ್ಥವಾಗಬಹುದಾಗಿದ್ದ ಶಾಖವು ಹೀಗೆ ಹಬ್ಬಕ್ಕೆ ಒದಗಿತು. ಮೊಟ್ಟೆಯ, ಶೇಂದಿಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಜೈನರೂ ಲಿಂಗಾಯತರೂ ಬಹುವಾಗಿರುವ ಈ ಊರುಗಳಲ್ಲಿ ಮಡಿಯ ಗೃಹಿಣಿಯು ಹೊರಗಿನವರಿಂದ ಪಡೆದುದು ಬೆಂಕಿಯನ್ನು ಮಾತ್ರ. ಪದಾರ್ಥವೂ ಪ್ರಮಾಣವೂ ಅವಳವೇ. ಬೇಕರಿಯ ಮಾಲೆಂದು ಮೂಗು ಮುರಿಯಬಹುದಾಗಿದ್ದ ಅತ್ತೆಯೂ ಆ ಡಬ್ಬಿಯನ್ನು ಮನೆಯ ಫರಾಳವೆಂದೇ ಎಣಿಸಿದಳು.

ಆದುದರಿಂದ ನಾನಕಟಾಯಿಯ ಮೂಲ ಪಾರಸಿಕವೋ ಮತ್ತಾವುದೋ ಆಗಿರಲಿ, ಉಗಾರದಲ್ಲಿ ಅದರ ಇತಿಹಾಸವು ಸೂರತ್ತಿನ ಒಲೆಯಿಂದಲೂ ಕವಿಯ ಷಟ್ಪದಿಯಿಂದಲೂ ಆರಂಭವಾಗುವುದಿಲ್ಲ. ಮನೆಯ ಪರಾತಕ್ಕೂ ಪೇಟೆಯ ಭಟ್ಟಿಗೂ ನಡುವೆ ಏರ್ಪಟ್ಟ ಶ್ರಮವಿಭಾಗದಿಂದ ಆರಂಭವಾಗುತ್ತದೆ. ಮುಂದಿನ ಸಂಶೋಧಕರು ಡಚ್ಚರ ಕಡತಗಳನ್ನು ತಿರುವಿಹಾಕುವುದಕ್ಕಿಂತ ಮೊದಲು ಹಳೆಯ ಬೇಕರಿಗಳ ಕೂಲಿಯ ಲೆಕ್ಕವನ್ನೂ, ಹಿರಿಯ ಗೃಹಿಣಿಯರ ವಾಟಿಯ ಅಳತೆಯನ್ನೂ ಬರೆದಿಟ್ಟುಕೊಳ್ಳಲಿ. ಕಡತಗಳು ಇನ್ನೂ ಕೆಲವು ಕಾಲ ಕಾಯಬಲ್ಲವು. ಕಟ್ಟಿಗೆಯ ಭಟ್ಟಿಗಳೂ ಆ ಹಿರಿಯರೂ ಅಷ್ಟು ಕಾಲ ಕಾಯಲಾರರು.